ದಾಸವಾಳ ಸರಿ, ಯಾವುದರಲ್ಲಿ ಕರಗಿಸಿದ್ದು?

ಹುಬ್ಬಳ್ಳಿ-ಧಾರವಾಡದ ಕಡೆ ದಾಸವಾಳ ಇಲ್ಲದ ಹಿತ್ತಲು ಕಡಿಮೆ. ದೇವರಿಗೆ ಏರಿಸಿ ಮಿಕ್ಕ ಹೂವು ಕೊಬ್ಬರಿ ಎಣ್ಣೆಗೆ, ಇಲ್ಲವೇ ಕಷಾಯಕ್ಕೆ. ಈಗ ಅಂಗಡಿಯಲ್ಲೂ ದಾಸವಾಳದ ಎಣ್ಣೆ, ಪುಡಿ, ಟೀ ಎಲ್ಲಾ ಸಿಗುತ್ತೆ. ಜೊತೆಗೆ 'ಆಂಟಿಆಕ್ಸಿಡೆಂಟ್ ಭರಿತ' ಅನ್ನೋ ಜಾಹೀರಾತು ಬೇರೆ. ನನ್ನ ಪ್ರಕಾರ ಇದು ಅರ್ಧ ಮಾತು. ಯಾವ ದ್ರಾವಕದಲ್ಲಿ ಸಾರ ತೆಗೆದರು ಅಂತ ಹೇಳದೆ ಇದಕ್ಕೆ ಅರ್ಥ ಬರೋದಿಲ್ಲ.

ಲ್ಯಾಬಿನಲ್ಲಿ ಅಳೆಯೋ ಒಂದು ಹಳೇ ವಿಧಾನ 1958ರದ್ದು, ಬ್ಲಾಯ್ಸ್ ಎಂಬಾತ ಬರೆದದ್ದು. ಡಿಪಿಪಿಎಚ್ ಅನ್ನೋ ನೇರಳೆ ದ್ರಾವಣಕ್ಕೆ ಹೂವಿನ ಸಾರ ಹಾಕುತ್ತಾರೆ. ಸಾರದಲ್ಲಿ ದಮ್ಮಿದ್ದರೆ ನೇರಳೆ ಹೋಗಿ ಹಳದಿಯಾಗುತ್ತದೆ. ಎಷ್ಟು ಬಣ್ಣ ಇಳಿಯಿತು ಅನ್ನೋದೇ ಫಲಿತಾಂಶ. ಆದರೆ ಸಾರವನ್ನು ಹೆಕ್ಸೇನ್‌ನಲ್ಲಿ ತೆಗೆದರೆ ಬರೋದು ಮುಖ್ಯವಾಗಿ ಮೇಣ, ಕೊಬ್ಬು. ಮೆಥನಾಲ್‌ನಲ್ಲಿ ತೆಗೆದರೆ ಫೀನಾಲ್‌ಗಳು ಚೆನ್ನಾಗಿ ಬರುತ್ತವೆ. ನೀರು ಬೆರೆಸಿದ ಆಲ್ಕೊಹಾಲ್ ಎಷ್ಟೋ ಸಲ ಶುದ್ಧ ಆಲ್ಕೊಹಾಲ್‌ಗಿಂತ ಹೆಚ್ಚು ಎಳೆಯುತ್ತದೆ. ಹೂವು ಒಂದೇ, ಅಂಕಿ ಮಾತ್ರ ಬೇರೆ ಬೇರೆ!

ಲ್ಯಾಬೇ ಬೇಕಿಲ್ಲ, ಅಡುಗೆಮನೆಯಲ್ಲೇ ನೋಡ್ರಿ. ಕೆಂಪು ದಾಸವಾಳವನ್ನು ಬಿಸಿನೀರಿಗೆ ಹಾಕಿದರೆ ಬಣ್ಣ ನೀರಿಗಿಳಿಯುತ್ತದೆ, ಲಿಂಬೆ ಹಿಂಡಿದರೆ ಕೆಂಪಗೆ ಹೊಳೆಯುತ್ತದೆ. ಅದು ಆಂಥೋಸಯನಿನ್, ಅದೂ ಆಂಟಿಆಕ್ಸಿಡೆಂಟೇ. ಅದೇ ಹೂವನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ, ಎಣ್ಣೆ ಕೆಂಪಾಗೋದಿಲ್ಲ. ಎಲೆ ಹಾಕಿದರೆ ಮಾತ್ರ ಹಸಿರಾಗುತ್ತದೆ, ಯಾಕಂದ್ರೆ ಕ್ಲೋರೋಫಿಲ್ ಎಣ್ಣೆಯಲ್ಲಿ ಕರಗುತ್ತದೆ, ಆಂಥೋಸಯನಿನ್ ಕರಗೋದಿಲ್ಲ. ಎಣ್ಣೆ ಕೆಲಸಕ್ಕೆ ಬಾರದ್ದು ಅಂತ ಅಲ್ಲ. ಕಷಾಯದ ಗುಣವನ್ನು ಎಣ್ಣೆಯ ಲೆಕ್ಕಕ್ಕೆ ಬರೆಯಬಾರದು, ಅಷ್ಟೇ.

ಇನ್ನು ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಹಾಗಿರುವಾಗ ಮೆಥನಾಲ್ ಸಾರದ ಅಂಕಿಯನ್ನು ಮನೆಯ ಕಷಾಯಕ್ಕೆ ಅಂಟಿಸೋದು ಯಾವ ನ್ಯಾಯ? ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆಂಟಿಆಕ್ಸಿಡೆಂಟ್ ಅಂಕಿಗಳ ಪಟ್ಟಿಯನ್ನು 2012ರಲ್ಲಿ ತನ್ನ ತಾಣದಿಂದಲೇ ತೆಗೆದುಹಾಕಿತು. ಕೊಳವೆಯಲ್ಲಿ ಕಂಡದ್ದು ದೇಹದಲ್ಲಿ ಹಾಗೇ ನಡೆಯೋದಿಲ್ಲ, ಕಂಪನಿಗಳು ಆ ಅಂಕಿಗಳನ್ನು ಜಾಹೀರಾತಿಗೆ ದುರ್ಬಳಕೆ ಮಾಡುತ್ತಿವೆ ಅನ್ನೋದು ಅವರು ಕೊಟ್ಟ ಕಾರಣ.

ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇದೆ, 1986ರಿಂದ ಕೃಷಿ ವಿಶ್ವವಿದ್ಯಾಲಯವೂ ಇದೆ. ಕೃಷಿ ಮೇಳಕ್ಕೆ ಜನ ಜಾತ್ರೆಯಂತೆ ಬರ್ತಾರೆ. ಅಲ್ಲಿ ಒಂದು ಮೇಜಿನ ಮೇಲೆ ಅದೇ ಹೂವನ್ನು ನೀರು, ಎಣ್ಣೆ, ಆಲ್ಕೊಹಾಲ್ ಮೂರರಲ್ಲೂ ಹಾಕಿಟ್ಟರೆ ಸಾಕು, ಅರ್ಧ ಭಾಷಣ ಉಳಿಯುತ್ತದೆ. ಮಾರೋರು ಡಬ್ಬಿಯ ಮೇಲೆ ದ್ರಾವಕದ ಹೆಸರು ಬರೆಯಲಿ. ಕೊಳ್ಳೋ ನಾವು ಅಂಗಡಿಯವರನ್ನ ಒಂದು ಪ್ರಶ್ನೆ ಕೇಳೋಣ: "ಯಾವುದರಲ್ಲಿ ತೆಗೆದದ್ದು ರೀ?"

ನೀವೇನಂತೀರಿ?