ಹೂತ ಲಾರಿ ಮತ್ತು ಸೈನ್ಯದ ಲೆಕ್ಕ

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ವರ್ತಕರು ಸರಕು ಸಾಗಣೆಯ ಖರ್ಚನ್ನು ಎಣಿಸುವಾಗ ಡೀಸೆಲ್, ಬಾಡಿಗೆ, ಹಮಾಲಿ, ಟೋಲ್, ವಿಮೆ ಎಲ್ಲವನ್ನೂ ಹಿಡಿಯುತ್ತಾರೆ. ಎರೆಮಣ್ಣಿನಲ್ಲಿ ಹೂತ ಲಾರಿಯನ್ನು ಹೊರತೆಗೆಯುವ ಖರ್ಚಿಗೆ ಮಾತ್ರ ಅವರ ಖಾತೆಪುಸ್ತಕದಲ್ಲಿ ಅಂಕಣವಿಲ್ಲ. ಅದು ದೈವಕ್ಕೆ ಬಿಟ್ಟ ಬಾಬತ್ತು. ಲಾರಿ ಹೂತ ಮೇಲೆ ಪಕ್ಕದ ಹೊಲದ ಟ್ರ್ಯಾಕ್ಟರಿಗೆ ಹೇಳಿಕಳುಹಿಸುವುದು, ಅದಾಗದಿದ್ದರೆ ಜೆಸಿಬಿ ತರಿಸುವುದು, ಅದೂ ಆಗದಿದ್ದರೆ ನೆಲ ಒಣಗುವವರೆಗೆ ಕಾಯುವುದು ಇಲ್ಲಿನ ರೂಢಿ. ಸೈನ್ಯವು ಇದೇ ಸಂಗತಿಯನ್ನು ಬೇರೆ ಬಗೆಯಲ್ಲಿ ಕಾಣುತ್ತದೆ. ವಾಹನಗಳು ಹೂತುಕೊಳ್ಳುವುದು ಖಚಿತವೆಂದೇ ತಿಳಿದು, ಅವುಗಳನ್ನು ಹೊರತೆಗೆಯುವ ಜನ, ಯಂತ್ರ ಮತ್ತು ಸಲಕರಣೆಗಳನ್ನು ದಳದ ಜೊತೆಯಲ್ಲೇ ಹೊರಡಿಸುತ್ತದೆ. ವರ್ತಕ ಸಮುದಾಯವು ಸೈನ್ಯದಿಂದ ಪಡೆಯಬೇಕಾದುದು ಅದರ ಯಂತ್ರಗಳಿಗಿಂತ ಮಿಗಿಲಾಗಿ ಈ ಪೂರ್ವಸಿದ್ಧತೆಯನ್ನು.

ಈ ಪ್ರದೇಶದ ಎರೆಭೂಮಿಯ ಗುಣ ಇಲ್ಲಿನವರಿಗೆ ವಿವರಿಸಬೇಕಾದುದಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಅದೇ ನೆಲ ನೀರು ಕುಡಿದಾಗ ಉಬ್ಬಿ, ಗಾಲಿಯ ಕಚ್ಚುಗಳಲ್ಲಿ ಮೆತ್ತಿಕೊಂಡು, ಟೈರನ್ನು ನುಣುಪಾದ ಉರುಳೆಯನ್ನಾಗಿ ಮಾಡಿಬಿಡುತ್ತದೆ. ಆದರೆ ಗಮನಕ್ಕೆ ಬಾರದ ಒಂದು ಬದಲಾವಣೆ ನಡೆದಿದೆ. ಹಿಂದೆ ಕೆಸರು ಮಳೆಗಾಲದ ಮಾತಾಗಿತ್ತು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಸಿದ್ಧವಾಗಿ, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲಗಳಿಗೆ ಹರಿದ ಮೇಲೆ ಕೆಸರಿಗೆ ಋತು ಎಂಬುದು ಉಳಿಯಲಿಲ್ಲ. ಬೇಸಿಗೆ ಭತ್ತದ ಕೊಯಿಲಿಗೆ ಬರುವ ಲಾರಿ ಸುಡುಬಿಸಿಲಿನಲ್ಲೇ ಗದ್ದೆಯ ಬದುವಿನ ಪಕ್ಕ ಹೂತುಕೊಳ್ಳಬಲ್ಲದು. ಇನ್ನು ಕೃಷ್ಣೆ ಉಕ್ಕಿದಾಗಿನ ಪಾಡು ಬೇರೆಯೇ. ಆಗಸ್ಟ್ 2019ರ ಪ್ರವಾಹದಲ್ಲಿ ಶಹಾಪುರ ಕಡೆಯ ಕೊಳ್ಳೂರು (ಎಂ) ಸೇತುವೆ ಮುಳುಗಿ ರಾಯಚೂರಿನತ್ತ ಸಂಚಾರ ನಿಂತಿತ್ತು. ಹೆದ್ದಾರಿ ಮುಚ್ಚಿದಾಗ ಭಾರದ ಗಾಡಿಗಳು ಹಿಡಿಯುವ ಒಳದಾರಿಗಳ ಅಂಚು ಯಾವ ಮಣ್ಣಿನದೆಂದು ಹೇಳಬೇಕಾಗಿಲ್ಲ.

ಸೈನ್ಯಗಳು ಈ ಮಣ್ಣಿನ ದೇಶವನ್ನು ಬಹುಕಾಲದಿಂದ ಬಲ್ಲವು. ಔರಂಗಜೇಬನು ಸ್ವತಃ ಮುಂದೆ ನಿಂತು ನಡೆಸಿದ ಕಡೆಯ ಮುತ್ತಿಗೆ ಸುರಪುರದ ಸಮೀಪದ ವಾಗಣಗೇರಾ ಕೋಟೆಯದು. 1705ರ ಫೆಬ್ರವರಿಯಲ್ಲಿ, ನೆಲ ಗಟ್ಟಿಯಾಗಿದ್ದ ಕಾಲದಲ್ಲಿ ಆರಂಭವಾದ ಆ ಮುತ್ತಿಗೆ ಏಪ್ರಿಲ್ ಹೊತ್ತಿಗೆ ಮುಗಿಯಿತು. ಪಿಡ್ಡನಾಯಕನು ಅಷ್ಟರಲ್ಲಿ ಕೋಟೆಯಿಂದ ಪಾರಾಗಿದ್ದನು. ಕಾಯಿಲೆ ಬಿದ್ದ ಬಾದಶಹನು ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟು, ಮಳೆಗಾಲವನ್ನೆಲ್ಲ ಅಲ್ಲಿಯೇ ಕಳೆದು ಅಕ್ಟೋಬರ್‌ನಲ್ಲಿ ಹೊರಟನು. ಮಳೆಯಲ್ಲಿ ಹೊರಟರೆ ಏನಾಗುತ್ತದೆಂಬುದನ್ನು ಆತನ ಸೈನ್ಯ ಮೂರು ವರ್ಷ ಮೊದಲೇ, 1702ರಲ್ಲಿ, ವಿಶಾಲಗಡದಿಂದ ಮರಳುವಾಗ ಕಂಡಿತ್ತು. ಸುಮಾರು 30 ಮೈಲಿಯ ದಾರಿ ಒಂದು ತಿಂಗಳನ್ನೂ ಮೀರಿ ಹಿಡಿದು, ಎತ್ತು, ಒಂಟೆ, ಸಾಮಾನುಗಳೆಲ್ಲ ಕೆಸರು ಹೊಳೆಗಳ ಪಾಲಾಗಿದ್ದವು. ಇತ್ತೀಚಿನ ನಿದರ್ಶನ ಬೇಕಾದವರು 1965ರ ಸೆಪ್ಟೆಂಬರ್‌ನ ಅಸಲ್ ಉತ್ತರ್ ಕಾಳಗವನ್ನು ನೆನೆಯಬಹುದು. ಖೇಮ್‌ಕರಣ್ ಬಳಿ ನೀರು ತುಂಬಿಸಿದ ಹೊಲಗಳಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಹೂತುಕೊಂಡವು. ಅವನ್ನು ಹೊರಗೆಳೆಯಲು ವೈರಿಗೆ ಬಿಡುವಿರಲಿಲ್ಲವಾದುದರಿಂದ ಹಲವು ಟ್ಯಾಂಕುಗಳು ಭಾರತದ ಕೈವಶವಾದವು.

ಭಾರತೀಯ ಸೇನೆಯಲ್ಲಿ ಈ ಕೆಲಸಕ್ಕೆಂದೇ ಇ.ಎಂ.ಇ. ದಳವಿದೆ. 1943ರಲ್ಲಿ ಸ್ಥಾಪಿತವಾದ ಈ ದಳದ ತರಬೇತಿ ಕಾಲೇಜು ಇರುವುದು ಸಿಕಂದರಾಬಾದಿನಲ್ಲಿ, ಯಾದಗಿರಿ ವ್ಯಾಪಾರಿಗಳು ವಾರಕ್ಕೊಮ್ಮೆ ಹೋಗಿಬರುವಷ್ಟು ದೂರದಲ್ಲಿ. ಯಂತ್ರಗಳ ಮಾತಿಗೆ ಬಂದರೆ, ಕೆ.ಜಿ.ಎಫ್.ನ ಬಿ.ಇ.ಎಂ.ಎಲ್. ಕಾರ್ಖಾನೆ ಪೋಲೆಂಡಿನ ತಂತ್ರಜ್ಞಾನದಿಂದ ಟ್ಯಾಂಕುಗಳನ್ನು ಎಳೆದು ತರುವ ಕವಚದ ರಿಕವರಿ ವಾಹನವನ್ನು ತಯಾರಿಸಿಕೊಟ್ಟಿದೆ. ಕ್ರೇನು, ವಿಂಚು, ಮುಂಭಾಗದಲ್ಲಿ ನೆಲಕ್ಕೆ ಕಚ್ಚಿ ನಿಲ್ಲುವ ಸಲಿಕೆಯಂತಹ ಅಲಗು ಇವು ಅದರ ಮುಖ್ಯಾಂಗಗಳು. ಆ ಅಲಗನ್ನು ಗಮನಿಸಬೇಕು. ಎಳೆಯುವ ಯಂತ್ರ ಎಷ್ಟೇ ಬಲವಾಗಿರಲಿ, ನೆಲದಲ್ಲಿ ಅದಕ್ಕೆ ಹಿಡಿತವಿಲ್ಲದಿದ್ದರೆ ತಾನೇ ಜಾರಿ ಬರುತ್ತದೆ. ಟ್ರ್ಯಾಕ್ಟರುಗಳು ನಿತ್ಯ ಸೋಲುವುದು ಇಲ್ಲಿಯೇ.

ಸೈನ್ಯದ ಕೈಪಿಡಿಗಳಲ್ಲಿ ಬರುವ ಸರಳ ಲೆಕ್ಕವೊಂದು ಪ್ರತಿ ಲಾರಿ ಮಾಲೀಕನಿಗೂ ಬಾಯಿಪಾಠವಾಗಬೇಕು. ವಾಹನವು ಗಾಲಿಯ ಗುಂಭದವರೆಗೆ ಹೂತಿದ್ದರೆ ಅದನ್ನು ಕದಲಿಸಲು ಸರಕು ಸೇರಿ ಅದರ ಒಟ್ಟು ತೂಕದಷ್ಟೇ ಸೆಳೆತ ಬೇಕು. ಮಡ್‌ಗಾರ್ಡಿನವರೆಗೆ ಹೂತಿದ್ದರೆ ಎರಡು ಪಟ್ಟು, ಕ್ಯಾಬಿನ್ನಿನವರೆಗಾದರೆ ಮೂರು ಪಟ್ಟು. 2018ರಲ್ಲಿ ಕೇಂದ್ರ ಸರ್ಕಾರವು ಮೂರು ಆಕ್ಸಲಿನ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಅಂತಹ ಲಾರಿ ಭತ್ತದ ಚೀಲಗಳ ಸಮೇತ ಮಡ್‌ಗಾರ್ಡಿನವರೆಗೆ ಇಳಿದಿದ್ದರೆ ಬೇಕಾದ ಸೆಳೆತ 57 ಟನ್. ಸುಮಾರು ಎರಡು ಟನ್ ತೂಗುವ ಟ್ರ್ಯಾಕ್ಟರು ಕೆಸರು ನೆಲದಲ್ಲಿ ತನ್ನ ತೂಕದಷ್ಟನ್ನೂ ಎಳೆಯಲಾರದು. ಮೂರನ್ನು ಸಾಲಾಗಿ ಕಟ್ಟಿ ಹತ್ತಾರು ಜನ ಕೂಗಿದರೂ ಆರು ಟನ್ ದಾಟುವುದಿಲ್ಲ. ಕೂಗಿಗೆ ಟನ್ನಿನ ಲೆಕ್ಕವಿಲ್ಲವಷ್ಟೆ.

ಅದೇ ಲಾರಿಯ ಸರಕನ್ನು ಮೊದಲು ಇಳಿಸಿ, ಗಾಲಿಗಳ ಸುತ್ತ ಮಣ್ಣು ಅಗೆದು ಗುಂಭದ ಮಟ್ಟಕ್ಕೆ ತಂದರೆ ಬೇಕಾದ ಸೆಳೆತ ಸುಮಾರು 10 ಟನ್ನಿಗೆ ಇಳಿಯುತ್ತದೆ. ಮುಂದಕ್ಕೆ ಎಳೆಯದೆ ಬಂದ ಜಾಡಿನಲ್ಲೇ ಹಿಂದಕ್ಕೆ ಎಳೆದರೆ ಅದರಲ್ಲಿ ಹತ್ತನೆಯ ಒಂದು ಭಾಗ ಉಳಿತಾಯ. ಆ ಉಳಿತಾಯವನ್ನು ಬಿಟ್ಟರೂ, ನಾಲ್ಕು ಎಳೆಯ ಗಡಗಡಿ ಜೋಡಿಸಿದರೆ ಘರ್ಷಣೆಯ ನಷ್ಟ ಹಿಡಿದು ಹಗ್ಗದ ತುದಿಯಲ್ಲಿ ಬೇಕಾಗುವುದು ಮೂರೂವರೆ ಟನ್ನಿನ ಆಸುಪಾಸು. ಐವತ್ತೇಳಕ್ಕೂ ಮೂರೂವರೆಗೂ ನಡುವಿನ ಈ ಅಂತರವನ್ನು ತುಂಬಿದ್ದು ಸಲಿಕೆ, ಹಮಾಲರ ಬೆನ್ನು ಮತ್ತು ಗಡಗಡಿ. ಎಲ್ಲಿಯೂ ದೊಡ್ಡ ಕ್ರೇನು ಬರಲಿಲ್ಲ. ಗಡಗಡಿ ಕಟ್ಟಲು ಬೇವಿನ ಮರ ಸಿಗದಿದ್ದಲ್ಲಿ ಕಂದಕ ತೋಡಿ, ಸೆಳೆತಕ್ಕೆ ಅಡ್ಡಲಾಗಿ ದಪ್ಪ ದಿಮ್ಮಿಯನ್ನು ಹೂಳಿ, ಅದರ ನಡುವಿಗೆ ಹಗ್ಗ ಬಿಗಿಯುವುದು ಸೈನ್ಯದ ಹಳೆಯ ಉಪಾಯ. ಹಸಿ ಎರೆಮಣ್ಣು ಬೇಗ ಬಿಟ್ಟುಕೊಡುವುದರಿಂದ ಇಲ್ಲಿ ಕಂದಕ ಇನ್ನಷ್ಟು ಆಳವಿರಬೇಕು, ದಿಮ್ಮಿ ಇನ್ನಷ್ಟು ಉದ್ದವಿರಬೇಕು.

ಲಾಭನಷ್ಟಕ್ಕಿಂತ ಗಂಭೀರವಾದ ಇನ್ನೊಂದು ವಿಚಾರವಿದೆ. ಬಿಗಿಯಾಗಿ ಎಳೆದ ಉಕ್ಕಿನ ಹಗ್ಗ ಕಡಿದಾಗ ಕಣ್ಣು ಮಿಟುಕಿಸುವುದರೊಳಗೆ ಹಿಂದಕ್ಕೆ ಬೀಸಿ ಬರುತ್ತದೆ. ಅಡ್ಡ ಸಿಕ್ಕ ಕಾಲು, ಕುತ್ತಿಗೆ ಉಳಿಯುವುದಿಲ್ಲ. ಆದುದರಿಂದಲೇ ಸೈನ್ಯದಲ್ಲಿ ಹಗ್ಗ ಎಷ್ಟು ಉದ್ದ ಬಿಟ್ಟಿದೆಯೋ ಕನಿಷ್ಠ ಅಷ್ಟು ದೂರ ಎಲ್ಲರೂ ಸರಿಯಬೇಕು, ಸನ್ನೆ ಮಾಡುವವನು ಒಬ್ಬನೇ ಇರಬೇಕು ಎಂಬ ಕಟ್ಟುನಿಟ್ಟು. ಇಲ್ಲಿನ ರಸ್ತೆಬದಿಯ ದೃಶ್ಯ ತದ್ವಿರುದ್ಧ. ಗುಜರಿಯಿಂದ ತಂದ ಸರಪಳಿಯನ್ನು ಬಂಪರಿಗೆ ಬಿಗಿಯಲಾಗುತ್ತದೆ, ಕ್ಲೀನರ್ ಹುಡುಗ ಎರಡೂ ಗಾಡಿಗಳ ನಡುವೆ ನಿಲ್ಲುತ್ತಾನೆ, ನಾಲ್ಕು ಜನ ನಾಲ್ಕು ಬಗೆಯ ಆಜ್ಞೆ ಕೊಡುತ್ತಾರೆ. ಸರಕಿನ ಒಡೆಯನು ಸ್ಥಳದಲ್ಲಿ ಇರುವುದಿಲ್ಲವಾದರೂ ಬೇಗ ಎಳೆಯಿರೆಂಬ ಫೋನು ಅವನದೇ. ಆ ಹುಡುಗನ ಜೀವದ ಹೊಣೆಯಿಂದ ಅವನು ಪೂರ್ತಿ ಜಾರಿಕೊಳ್ಳಲಾಗದು.

ವಿಮೆ ಇದೆಯಲ್ಲ ಎನ್ನುವವರು ಪಾಲಿಸಿಯ ಸಣ್ಣಕ್ಷರಗಳನ್ನು ಓದುವುದು ಒಳಿತು. 2002ರ ಮೋಟಾರು ವಿಮಾ ದರಪಟ್ಟಿಯ ಮಾದರಿ ಪಾಲಿಸಿಯಲ್ಲಿ ಸರಕು ವಾಹನವೊಂದನ್ನು ಅಪಘಾತದ ಸ್ಥಳದಿಂದ ಸಾಗಿಸಲು ಕೊಡುವ ಮೊತ್ತದ ಮಿತಿ 2,500 ರೂಪಾಯಿ. ಅದೂ ಅಪಘಾತವಾದಾಗ. ಸುಮ್ಮನೆ ಹೂತು ನಿಂತ ಲಾರಿಯನ್ನು ಅಪಘಾತವೆಂದು ಒಪ್ಪಿಸುವುದು ಲಾರಿಯನ್ನು ಎತ್ತುವುದಕ್ಕಿಂತ ಕಷ್ಟವಾದೀತು.

ಹೀಗಿರುವಾಗ ಮೂರೂ ತಾಲ್ಲೂಕುಗಳ ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಕಾರ್ಖಾನೆ, ಬೇಳೆ ಮಿಲ್ಲು, ದಲ್ಲಾಲಿ ವರ್ತಕರು ಮತ್ತು ಲಾರಿ ಮಾಲೀಕರು ಚಂದಾ ಆಧಾರದಲ್ಲಿ ಕೂಡಿ ಒಂದು ರಿಕವರಿ ದಳವನ್ನು ನಡೆಸುವುದು ಯುಕ್ತ. ಅದರ ನೆಲೆ ಜೇವರ್ಗಿ–ಲಿಂಗಸುಗೂರು ಹೆದ್ದಾರಿಯ ಮೇಲಿನ ಶಹಾಪುರವಾದರೆ ಸುರಪುರಕ್ಕೂ ಯಾದಗಿರಿಗೂ ಅನುಕೂಲ. ಮೊದಲ ವರ್ಷವೇ ಕ್ರೇನ್ ಕೊಳ್ಳುವ ಉತ್ಸಾಹ ಬೇಡ. ಹತ್ತು ತಿಂಗಳು ಶೆಡ್ಡಿನಲ್ಲಿ ನಿಲ್ಲುವ ಯಂತ್ರದ ಬಡ್ಡಿಯನ್ನು ಯಾರು ಕಟ್ಟುವರೆಂದು ಹಿರಿಯ ವರ್ತಕರು ಕೇಳುವುದು ಸಹಜ, ಆ ಪ್ರಶ್ನೆ ಸರಿಯಾದುದೇ. ಒಂದು ಹಳೆಯ ನಾಲ್ಕು ಚಕ್ರ ಚಾಲನೆಯ ಲಾರಿ, ಅದಕ್ಕೆ ಕೂಡಿಸಿದ ವಿಂಚು, ಪರೀಕ್ಷಿತ ಗಡಗಡಿ ಮತ್ತು ಹಗ್ಗ, ಹಲಗೆಗಳು, ಜಾಕುಗಳು ಇಷ್ಟರಿಂದ ಕೆಲಸ ಆರಂಭವಾಗಬಲ್ಲದು. ಸೈನ್ಯವು ಕೂಡ ಮೊದಲು ಚಾಲಕನೇ ತನ್ನ ಗಾಡಿಯನ್ನು ಬಿಡಿಸಿಕೊಳ್ಳುವಂತೆ, ಆಗದಿದ್ದರೆ ಸಮಾನ ತೂಕದ ಜೊತೆಗಾಡಿಯಿಂದ ಎಳೆಸುವಂತೆ, ಕಡೆಗೆ ಮಾತ್ರ ರಿಕವರಿ ವಾಹನವನ್ನು ಕರೆಸುವಂತೆ ಕಲಿಸುತ್ತದೆ.

ಸಣ್ಣ ಕೈಗಾರಿಕೋದ್ಯಮಿಗಳಿಗೂ ಇಲ್ಲಿ ಕೆಲಸವಿದೆ. ಟ್ರೇಲರು, ನೇಗಿಲು ತಯಾರಿಸುವ ವರ್ಕ್‌ಶಾಪುಗಳು ಗಾಲಿಯಡಿ ಹಾಕುವ ಜಾಲರಿ ಹಲಗೆ, ನೆಲಕ್ಕೆ ಬಡಿಯುವ ಗೂಟದ ತಟ್ಟೆ, ಎಳೆಯುವ ಸರಳುಗಳನ್ನು ಸುಲಭವಾಗಿ ಮಾಡಿಕೊಡಬಲ್ಲವು. ಗಡಗಡಿ, ಕೊಕ್ಕೆ ಮತ್ತು ಉಕ್ಕಿನ ಹಗ್ಗದಂತಹ, ಭಾರ ಹೊರುವ ಭಾಗಗಳನ್ನು ಮಾತ್ರ ಪ್ರಮಾಣಪತ್ರ ಇರುವ ಕಂಪನಿಗಳಿಂದಲೇ ಕೊಳ್ಳಬೇಕು. ಈ ಒಂದು ವಿಷಯದಲ್ಲಿ ಸ್ವದೇಶಿ ಅಭಿಮಾನವನ್ನೂ ನೂರಿನ್ನೂರು ರೂಪಾಯಿ ಉಳಿತಾಯವನ್ನೂ ಬದಿಗಿಡತಕ್ಕದ್ದು.

ಜನರ ಅಭಾವವೂ ಇಲ್ಲ. ಇ.ಎಂ.ಇ. ದಳದಲ್ಲಿ ರಿಕವರಿ ಮೆಕ್ಯಾನಿಕ್ ಎಂಬ ಹುದ್ದೆಯೇ ಉಂಟು. ಅಂತಹ ಸೇವೆ ಮುಗಿಸಿ ಮರಳಿದವರಲ್ಲಿ ಅನೇಕರು ತಮ್ಮ ವಿದ್ಯೆಗೆ ಸಂಬಂಧವೇ ಇಲ್ಲದ ಕಾವಲಿನ ಕೆಲಸದಲ್ಲಿ ದಿನ ಕಳೆಯುತ್ತಾರೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮೂಲಕ ವಿಚಾರಿಸಿ, ಅಂತಹ ಇಬ್ಬರನ್ನು ಸಂಬಳಕ್ಕೆ ಇಟ್ಟುಕೊಂಡರೆ ವಿಂಚು ಬರುವ ಮೊದಲೇ ಅರ್ಧ ಕೆಲಸವಾದಂತೆ. ಅವರು ಬಂದ ಕೂಡಲೇ ಮಾಡಿಸಬೇಕಾದ ಕೆಲಸವೂ ಸ್ಪಷ್ಟವಿದೆ: ಬೇಸಿಗೆ ಭತ್ತದ ಕೊಯಿಲಿಗೆ ಮುನ್ನ ಎಡದಂಡೆ ಕಾಲುವೆಯ ಉಪಕಾಲುವೆಗಳ ಗುಂಟ ಒಮ್ಮೆ ನಡೆದು, ಭಾರದ ಲಾರಿ ಯಾವ ಬದುವಿನವರೆಗೆ ಹೋಗಬಹುದು, ಎಲ್ಲಿ ನಿಂತು ಟ್ರ್ಯಾಕ್ಟರಿನಿಂದ ಚೀಲ ತುಂಬಿಕೊಳ್ಳಬೇಕು ಎಂಬುದನ್ನು ಗುರುತು ಹಾಕಿ, ಆ ನಕ್ಷೆಯನ್ನು ಪ್ರತಿ ಗಿರಣಿಯ ಗೇಟಿನಲ್ಲಿ ತೂಗುಹಾಕಿಸುವುದು.