ಕುದುರೆ ಒದೆಯುವ ಮೊದಲು ಮಾತಾಡುತ್ತದೆ

ಸೋಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಊರುಗಳಲ್ಲಿ ಟಾಂಗಾ ಬಹುಮಟ್ಟಿಗೆ ಮರೆಯಾದರೂ ಕುದುರೆ ಮರೆಯಾಗಿಲ್ಲ. ಕುರಿ ಮೇಯಿಸುತ್ತ ಊರೂರು ತಿರುಗುವ ಧನಗರರ ಸಂಸಾರವನ್ನು ಇಂದಿಗೂ ಗಿಡ್ಡ ಕುದುರೆಗಳು ಹೊರುತ್ತವೆ. ಲಗ್ನದ ಸುಗ್ಗಿ ಬಂತೆಂದರೆ ಮದುಮಗನಿಗೆ ಕುದುರೆ ಬೇಕೇ ಬೇಕು. ಸೋಲಾಪುರ ಜಿಲ್ಲೆಯ ಅಕಲೂಜದಲ್ಲಿ ಕುದುರೆಗಳ ದೊಡ್ಡ ಬಜಾರವೇ ನೆರೆಯುತ್ತದೆ.

ಆದರೆ ಮರಿಯನ್ನು ಪಳಗಿಸುವುದೆಂದರೆ ಅದರ ಸೊಕ್ಕು ಮುರಿಯುವುದು ಎಂಬ ತಿಳುವಳಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಗೂಟಕ್ಕೆ ಬಿಗಿದು ಕಟ್ಟುವುದು, ಹೊಟ್ಟೆಗೆ ಕಡಿಮೆ ಹಾಕುವುದು, ಹೆದರಿದರೆ ಹೊಡೆಯುವುದು ಇದೇ ಪಾಠ. ಈ ಪದ್ಧತಿಯನ್ನು ಬಿಡಬೇಕೆಂಬುದು ನಮ್ಮ ಅಭಿಪ್ರಾಯ. ದಯೆಯ ಮಾತು ಹಾಗಿರಲಿ, ನಮ್ಮ ಕೈಕಾಲು ಉಳಿಯಬೇಕೆಂದರೂ ಬಿಡಬೇಕು.

ಕುದುರೆ ಬೇಟೆಗೆ ಸಿಕ್ಕುವ ಪ್ರಾಣಿ. ಅಪಾಯ ಕಂಡರೆ ಓಡುವುದು ಅದರ ಹುಟ್ಟುಗುಣ. ಓಡಲು ದಾರಿ ಇಲ್ಲವಾದಾಗ ಒದೆಯುತ್ತದೆ. ಒದೆಯುವ ಮೊದಲು ಸಾಮಾನ್ಯವಾಗಿ ಮೈಯಿಂದಲೇ ಹೇಳುತ್ತದೆ. ಕಿವಿ ಮುಂದಕ್ಕೆ ನಿಮಿರಿದರೆ ಅದು ಏನನ್ನೋ ಗಮನಿಸುತ್ತಿದೆ. ಒಂದು ಕಿವಿ ನಮ್ಮತ್ತ ತಿರುಗಿದರೆ ನಮ್ಮ ಮಾತು ಕೇಳುತ್ತಿದೆ. ಎರಡೂ ಕಿವಿ ಹಿಂದಕ್ಕೆ ಕತ್ತಿಗೆ ಅಂಟಿಕೊಂಡರೆ ಸಿಟ್ಟು ಅಥವಾ ನೋವು. ತಲೆ ಎತ್ತಿ, ಮೂಗಿನ ಹೊಳ್ಳೆ ಅರಳಿಸಿ, ಬಾಲವನ್ನು ತೊಡೆಗೆ ಒತ್ತಿಕೊಂಡರೆ ಭಯ. ನೊಣವಿಲ್ಲದಿದ್ದರೂ ಬಾಲ ಬೀಸುತ್ತಿದ್ದರೆ ಸಹನೆ ಮುಗಿಯುತ್ತ ಬಂದಿದೆ. ತಲೆ ತಗ್ಗಿಸಿ, ಹಿಂಗಾಲೊಂದನ್ನು ಸಡಿಲ ಬಿಟ್ಟು, ಕೆಳತುಟಿ ಜೋತು ನಿಂತರೆ ನೆಮ್ಮದಿಯಾಗಿದೆ.

ಕಿವಿ ಹಿಂದೆ ಮಾಡಿದ ಮರಿಗೆ ಪ್ರತಿ ಸಲ ಏಟು ಬಿದ್ದರೆ ಅದು ಕಲಿಯುವ ಪಾಠ ಒಂದೇ: ಮೊದಲೇ ತಿಳಿಸಬಾರದು. ಅಂಥ ಕುದುರೆ ಮುಂದೆ ಯಾವ ಸೂಚನೆಯನ್ನೂ ಕೊಡದೆ ಒದೆಯುತ್ತದೆ. ಆಗ ನಾವು ಅದಕ್ಕೆ 'ಮೋಸದ ಕುದುರೆ' ಎಂದು ಹೆಸರಿಡುತ್ತೇವೆ. ಆ ಮೋಸವನ್ನು ಕಲಿಸಿದ್ದು ನಮ್ಮ ಚಾಬೂಕೇ.

ಹಾಗಾದರೆ ಕಲಿಸುವುದು ಹೇಗೆ? ಕುದುರೆಗೆ ತನ್ನ ಬಾಲದ ನೇರ ಹಿಂದೆ, ಹಣೆಯ ನೇರ ಮುಂದೆ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಹೆಗಲಿನ ಕಡೆಯಿಂದ, ಮಾತಾಡಿಸುತ್ತ ಹತ್ತಿರ ಹೋಗಬೇಕು. ಹಗ್ಗ ಎಳೆದಾಗ ಮರಿ ಒಂದು ಹೆಜ್ಜೆ ಇಟ್ಟರೂ ಸಾಕು, ಆ ಕ್ಷಣವೇ ಹಗ್ಗ ಸಡಿಲಿಸಬೇಕು. ಕುದುರೆ ಎಳೆತದಿಂದ ಕಲಿಯುವುದಿಲ್ಲ, ಎಳೆತ ನಿಂತಾಗ ಕಲಿಯುತ್ತದೆ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಮೈ ಸವರುವುದು, ಕಾಲೆತ್ತಿಸುವುದು, ಬಾಜಾಬಜಂತ್ರಿಯ ಸದ್ದನ್ನು ದೂರದಿಂದ ಸ್ವಲ್ಪಸ್ವಲ್ಪವೇ ಅಭ್ಯಾಸ ಮಾಡಿಸುವುದು, ಇವೆಲ್ಲ ಸವಾರಿಗಿಂತ ಮೊದಲು ಆಗಬೇಕಾದ ಕೆಲಸ. ಸಿಟ್ಟಿನಲ್ಲಿದ್ದಾಗ ಕುದುರೆಯ ಹತ್ತಿರ ಹೋಗಬಾರದೆಂದು ಗ್ರೀಸ್ ದೇಶದ ಝೆನೊಫೋನ್ ಸುಮಾರು 2,300 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ.

ಎರಡು ವರ್ಷದ ಮರಿ ನೋಡಲು ದೊಡ್ಡದಾಗಿ ಕಾಣುತ್ತದೆ. ಆದರೆ ಅದರ ಬೆನ್ನೆಲುಬು ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ಮೂರು ವರ್ಷ ತುಂಬುವ ಮುನ್ನ ಬೆನ್ನ ಮೇಲೆ ಭಾರ ಹಾಕಬಾರದು. ಆಮೇಲೂ ಹಗುರಾಗಿಯೇ ಆರಂಭಿಸಬೇಕು. "ಅಲ್ಲಿಯವರೆಗೆ ಮೇವು ಯಾರು ಹಾಕಬೇಕು?" ಎಂದು ಬಡವರು ಕೇಳುವುದು ನ್ಯಾಯವೇ. ಆದರೆ ಎಳೆಯದರಲ್ಲೇ ಕುಂಟಾದ ಕುದುರೆಗೂ ಮೇವು ಹಾಕಲೇಬೇಕಲ್ಲ? ಇಪ್ಪತ್ತು ವರ್ಷ ಬದುಕಬಲ್ಲ ಪ್ರಾಣಿಗೆ ಒಂದು ವರ್ಷ ಹೆಚ್ಚು ಕಾಯುವುದು ನಷ್ಟವಲ್ಲ.

ಮುಳ್ಳಿನ ಲಗಾಮಿನ ಬಗ್ಗೆಯೂ ಹೇಳಲೇಬೇಕು. ಅದು ತುಟಿ ನಾಲಿಗೆಗಳನ್ನು ಸೀಳುತ್ತದೆ. ಹೊರೆ ಹೊರುವ, ಬಂಡಿ ಎಳೆಯುವ ಪ್ರಾಣಿಗಳ ಕುರಿತ 1965ರ ನಿಯಮಗಳು ಇದನ್ನು ನಿಷೇಧಿಸಿವೆ. ಆದರೂ ಲಗ್ನದ ಮೆರವಣಿಗೆಗಳಲ್ಲಿ ಅದು ಕಾಣಸಿಗುತ್ತದೆ. ಮನೆಯ ಮಂಗಲಕಾರ್ಯಕ್ಕೆ ಕುದುರೆ ಗೊತ್ತುಮಾಡುವವರು ಮೊದಲು ಅದರ ಬಾಯಿ ನೋಡಲಿ. ಮುಳ್ಳಿದ್ದರೆ ಬೇಡವೆನ್ನಲಿ.

ಆರೋಗ್ಯದ ಎರಡು ಮಾತು. ಕುದುರೆ ಪದೇ ಪದೇ ಹೊಟ್ಟೆಯತ್ತ ತಿರುಗಿ ನೋಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಮಲಗಿ ಹೊರಳಾಡುವುದು ಹೊಟ್ಟೆಶೂಲೆಯ ಗುರುತು. ಅದನ್ನು ಹಟವೆಂದು ಹೊಡೆಯದೆ, ಮೇವು ತೆಗೆದು, ಕೂಡಲೇ ಪಶುವೈದ್ಯರನ್ನು ಕರೆಸಿರಿ. ಕುದುರೆಯಿಂದ ಮನುಷ್ಯರಿಗೆ ಕಡಿತವೋ ಗಾಯವೋ ಆದರೆ ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿರಿ. ಧನುರ್ವಾಯುವಿನ ಚುಚ್ಚುಮದ್ದನ್ನು ಅಲಕ್ಷಿಸಬೇಡಿರಿ. ಕುದುರೆಗೂ ಆ ಲಸಿಕೆ ಅಗತ್ಯ.

ಸಂಖ್ಯಾಕಾಂಡದ 22ನೇ ಅಧ್ಯಾಯದಲ್ಲಿ ಬಿಳಾಮನ ಕಥೆ ಇದೆ. ಅವನ ಕತ್ತೆ ಮೂರು ಸಲ ದಾರಿ ತಪ್ಪಿತು, ಮೂರು ಸಲವೂ ಅವನು ಹೊಡೆದ. ದಾರಿಯಲ್ಲಿ ಕತ್ತಿ ಹಿಡಿದು ನಿಂತ ದೇವದೂತ ಕತ್ತೆಗೆ ಕಂಡಿದ್ದ, ಪ್ರವಾದಿಗೆ ಕಂಡಿರಲಿಲ್ಲ. ಹೊಡೆಸಿಕೊಂಡ ಪ್ರಾಣಿಯೇ ಅವನ ಜೀವ ಉಳಿಸಿತ್ತು. ನಮ್ಮ ಹಟ್ಟಿಯ ಮರಿ ಹೆಜ್ಜೆ ಮುಂದಿಡದೆ ನಿಂತಾಗ ಚಾಬೂಕು ಎತ್ತುವ ಮುನ್ನ ಒಂದು ಗಳಿಗೆ ಅದರ ಕಿವಿ ನೋಡೋಣ, ಕಾಲು ನೋಡೋಣ, ಜೀನಿನ ಕೆಳಗೆ ಹುಣ್ಣಿದೆಯೇ ನೋಡೋಣ. ಮಕ್ಕಳಿಗೂ ಅದನ್ನೇ ಕಲಿಸೋಣ.