ವೆನಿಸ್ ನಗರದ ಬಾಗಿಲ ಸುಂಕ

ಹಗಲು ಬಂದು ಸಂಜೆಗೆ ಮರಳುವ ಪ್ರವಾಸಿಗಳ ಮೇಲೆ ಇಟಲಿಯ ವೆನಿಸ್ ನಗರವು ಪ್ರವೇಶಶುಲ್ಕವನ್ನು ವಿಧಿಸಿರುವ ಸಂಗತಿಯು ವಾಚಕರಿಗೆ ತಿಳಿದೇ ಇದೆ. 2024ನೆಯ ಏಪ್ರಿಲ್ 25ರಂದು ಆರಂಭವಾದ ಈ ಏರ್ಪಾಡು ಆ ವರ್ಷ 29 ದಿನಗಳಿಗೆ ಅನ್ವಯಿಸಿತು. ಶುಲ್ಕ 5 ಯೂರೋ. 2025ರಲ್ಲಿ ದಿನಗಳು 54ಕ್ಕೇರಿದುವು. ಮುಂಚಿತವಾಗಿ ಹಣ ಕಟ್ಟದವರಿಗೆ ಶುಲ್ಕವು 10 ಯೂರೋ ಆಯಿತು. ಇದು ರೋಗಕ್ಕೆ ತಕ್ಕ ಮದ್ದೇ ಎಂಬುದು ವಿಚಾರಾರ್ಹವಾಗಿದೆ.

ರೋಗವೇನೆಂಬುದನ್ನು ಜನಸಂಖ್ಯೆಯೇ ಸಾರುತ್ತದೆ. 1951ರಲ್ಲಿ ಆ ಹಳೆಯ ದ್ವೀಪನಗರದಲ್ಲಿ ಸುಮಾರು 1,75,000 ಮಂದಿ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆಯು 50,000ಕ್ಕಿಂತ ಕೆಳಗಿಳಿಯಿತು. ಹಳೆಯ ಮನೆಗಳ ತೇವಕ್ಕೂ ನೆರೆಯ ಹಾವಳಿಗೂ ಬೇಸತ್ತು ಮೊದಲು ಅನೇಕರು ತೆರಳಿದರೆಂಬುದು ನಿಜ. ಆದರೆ ಈಚೆಗೆ ಉಳಿದವರನ್ನು ಹೊರನೂಕುತ್ತಿರುವುದು ಬಾಡಿಗೆಯ ದರ. ಸಂಸಾರಸ್ಥನು ತಿಂಗಳಿಗೆ ಕೊಡಬಲ್ಲ ಹಣವನ್ನು ಪ್ರವಾಸಿಗಳು ಕೆಲವೇ ರಾತ್ರಿಗಳಿಗೆ ತೆರುವಾಗ, ಮನೆಯ ಯಜಮಾನನು ಬೀಗದ ಕೈಯನ್ನು ಯಾರಿಗೆ ಒಪ್ಪಿಸುವನೆಂದು ಹೇಳಬೇಕಾಗಿಲ್ಲ. ಸಂಸಾರಗಳು ತೆರಳಿದ ಬೀದಿಯಲ್ಲಿ ದಿನಸಿಯ ಅಂಗಡಿ ಮುಚ್ಚಿ, ಪ್ರವಾಸಿಗಳಿಗೆ ಮುಖವಾಡ ಮಾರುವ ಅಂಗಡಿ ತೆರೆಯುತ್ತದೆ.

ಹೀಗಿರಲು 5 ಯೂರೋ ಸುಂಕವು ಏನನ್ನು ತಡೆದೀತು? ದೂರದೇಶದಿಂದ ವಿಮಾನದ ವೆಚ್ಚ ತೆತ್ತು ಬಂದವನು ಇದಕ್ಕೆ ಅಂಜಿ ಹಿಂದಿರುಗುವನೆ? ಮೇಲಾಗಿ, ಇರುಳು ತಂಗುವವರು ಬೇರೆ ತೆರಿಗೆ ಕೊಡುವರಾಗಿ ಅವರಿಗೆ ಈ ಶುಲ್ಕವೇ ಇಲ್ಲ. ನಿವಾಸಿಗಳ ಮನೆಗಳನ್ನು ನುಂಗಿರುವುದಾದರೋ ಅವರ ಬಿಡಾರಗಳೇ. ಬಾಗಿಲಲ್ಲಿ ಹಣ ಪಡೆಯುವುದರಿಂದ ತಮ್ಮ ಊರನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಿದಂತಾಯಿತೆಂದು ಅಲ್ಲಿನ ಕೆಲವು ನಿವಾಸಿಗಳು ಮಾಡಿರುವ ಆಕ್ಷೇಪವು ನ್ಯಾಯವಾದುದೆಂದು ನಾವು ಭಾವಿಸುತ್ತೇವೆ.

ಸ್ಪೇನಿನ ಬಾರ್ಸಿಲೋನ ನಗರವು ಇದಕ್ಕಿಂತ ಮೂಲಕ್ಕೆ ಕೈ ಹಾಕಿದೆ. ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಸುಮಾರು 10,000 ಮನೆಗಳ ಪರವಾನಗಿಗಳನ್ನು 2028ರ ನವೆಂಬರಿನೊಳಗೆ ಕೊನೆಗಾಣಿಸುವುದಾಗಿ ಮೇಯರ್ ಜೌಮೆ ಕೊಲ್ಬೊನಿಯವರು 2024ರ ಜೂನಿನಲ್ಲಿ ಪ್ರಕಟಿಸಿದರು. ಪ್ರವಾಸಿಗಳಿಂದ ಅನೇಕರಿಗೆ ಅನ್ನ ದೊರೆಯುತ್ತಿದೆ. ಯಜಮಾನರಿಗೆ ನಷ್ಟವೂ ಉಂಟು. ಈ ವಾದವನ್ನು ನಾವು ಅಲ್ಲಗಳೆಯೆವು. ಆದರೆ ನಾಲ್ಕು ವರ್ಷಗಳ ಮುನ್ಸೂಚನೆ ಕೊಟ್ಟು ಮಾಡುವ ಕಾರ್ಯವನ್ನು ಅನ್ಯಾಯವೆನ್ನಲಾಗದು.

ವೆನಿಸ್ಸಿಗೂ ದಾರಿಯಿಲ್ಲದೆ ಇಲ್ಲ. ಇಂಥ ಅಲ್ಪಾವಧಿಯ ಬಾಡಿಗೆಗಳಿಗೆ ಮಿತಿಯಿಡುವ ವಿಶೇಷಾಧಿಕಾರವನ್ನು ಇಟಲಿಯ ಪಾರ್ಲಿಮೆಂಟು 2022ರಲ್ಲಿಯೇ ಆ ನಗರಕ್ಕೆ ಕೊಟ್ಟಿದೆ. ಅದನ್ನು ಪೂರ್ಣವಾಗಿ ಚಲಾಯಿಸುವುದು ಮುನಿಸಿಪಾಲಿಟಿಯ ಕರ್ತವ್ಯ. ಅತಿಥಿಸತ್ಕಾರವು ಧರ್ಮವೇ ಸರಿ. ಆದರೆ ಸತ್ಕರಿಸಲು ಮನೆಯವರೇ ಇಲ್ಲವಾದ ಮೇಲೆ ಆ ಧರ್ಮವನ್ನು ನಡೆಸುವವರು ಯಾರು?